ಕೇಳಿದ್ದು ಕೊಡ್ರಿ ಅಂದರು

ಬೆಳಿಗ್ಗೆ ಎಂಟೂಕಾಲಿಗೆ ಡಾಕ್ಟರು ಆ ಇಂಗ್ಲಿಷ್ ಶಬ್ದ ಆಡಿದರು. ಎಂಟೂವರೆಗೆ ನಾನು ಮನಸ್ಸಿನಲ್ಲೇ ವಿಧುರನಾಗಿದ್ದೆ. ಬಿ.ಎ. ಆದವನಿಗೆ ಒಂದು ಶಾಪವಿದೆ: ಇಂಗ್ಲಿಷ್ ಶಬ್ದ ತಿಳಿಯಲಿಲ್ಲವೆಂದು ಯಾರೆದುರಿಗೂ ಹೇಳುವಂತಿಲ್ಲ. ಅದರಲ್ಲೂ ನಾನು ಧಾರವಾಡದ ಹೈಸ್ಕೂಲಿನಲ್ಲಿ ಆ ಭಾಷೆಯನ್ನೇ ಕಲಿಸುವವನು. "ಗೊತ್ತಿಲ್ಲದ ಶಬ್ದಕ್ಕೆ ಹೆದರಬೇಡಿ, ಅಕ್ಕಪಕ್ಕದ ಮಾತು ನೋಡಿ ಅರ್ಥ ಊಹಿಸಿ" ಎಂದು ಹುಡುಗರಿಗೆ ಧೈರ್ಯ ಹೇಳುತ್ತ ಬಂದವನು.

ಹೆಂಡತಿ ಶಾಂತವ್ವ ವಿಷಮಜ್ವರದಿಂದ ಮೂರು ವಾರ ಮಲಗಿದ್ದಳು. ಅದೇ ಜ್ವರ ನಮ್ಮ ಓಣಿಯಲ್ಲಿ ಒಬ್ಬರನ್ನು ಆಗಲೇ ಒಯ್ದಿತ್ತು. ರೋಗಿಯ ಎದುರು ಇಂಗ್ಲಿಷಿನಲ್ಲೇ ಮಾತಾಡುವುದು ಡಾಕ್ಟರ ಪದ್ಧತಿ. ನಾಡಿ ನೋಡಿ, ದನಿ ತಗ್ಗಿಸಿ, "ಕಾನ್ವಲೆಸೆಂಟ್" ಎಂದರು. ಬಲ್ಲವನಂತೆ ತಲೆಯಾಡಿಸಿದೆ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇನ್ನ ಔಷಧ ಬ್ಯಾಡ್ರಿ. ಕೇಳಿದ್ದು ಕೊಡ್ರಿ. ನಾ ಬರೂ ಕಾರಣ ಇಲ್ಲ" ಎಂದು ಹೋದರು. ನಮ್ಮ ಕಡೆ ಔಷಧ ನಿಲ್ಲಿಸಿ ಕೇಳಿದ್ದು ಕೊಡುವುದು ಯಾರಿಗೆ? ಹೊರಟು ನಿಂತವರಿಗೆ.

"ಏನಂದ್ರಪಾ?" ಅಡುಗೆಮನೆಯಿಂದ ಅವ್ವ ಕೇಳಿದಳು.

"ಕೇಳಿದ್ದು ಕೊಡ್ರಿ ಅಂದ್ರು."

ಅವ್ವನ ಕೈಯ ಸೌಟು ಬಿತ್ತು. "ಶಿವನ! ಅಯ್ಯನೋರ್ನ ಕರಿಯಪಾ, ಲಗೂ!"

ನಾನು ಶಾಂತವ್ವನ ಬಳಿ ಕೂತು, "ಏನು ಬೇಕು ಹೇಳು, ಏನರ ಕೇಳು" ಎಂದೆ. ಮಜ್ಜಿಗೆ ಅನ್ನ ಕೇಳಿದಳು. ಅವಳು ಉಣ್ಣುವುದನ್ನು ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತ ನೋಡಿದೆವು.

"ಇನ್ನೊಂದೀಟು ಹಾಕ್ರಿ ಅತ್ತಿ" ಎಂದವಳು ನನ್ನತ್ತ ತಿರುಗಿ, "ಯಾಕ ಅಳಾಕತ್ತೀರಿ? ಅನ್ನ ತೀರೇತೇನು?" ಎಂದಳು.

ಆ ಹಸಿವೂ ನನಗೆ ಆರುವ ದೀಪದ ಬೆಳಕಾಗಿಯೇ ಕಂಡಿತು. ಕೊನೆಯ ವಿಭೂತಿ ಹಚ್ಚಲು ಅಯ್ಯನವರನ್ನು ಕರೆಯಲು ಹೊರಟವನು, ಕಾಲು ಎಳೆದತ್ತ ಡಾಕ್ಟರ ಮನೆಗೇ ಓಡಿದೆ.

"ಇನ್ನ ಎಷ್ಟು ದಿವಸ್ರಿ?"

"ತಿಂಗಳೊಪ್ಪತ್ತಿನಾಗ ಬಾವಿ ನೀರು ಸೇದ್ತಾಳ್ರಿ. ಗುಣಾ ಆಗಾಕತ್ತಾಳ ಅಂತ ಆಗಳೇ ಹೇಳಲಿಲ್ಲೇನ್ರಿ ಮಾಸ್ತರ? ಗೋಣು ಹಾಕಿದ್ರೆಲ್ಲಾ!"

ಮನೆಯ ಭಯ ಕಳೆಯಿತು, ನನ್ನದು ಕಳೆಯಲಿಲ್ಲ. ರಾತ್ರಿಯಾದರೆ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವೆ. "ಜೀವಂತ ಅದೀನ್ರಿ, ಮಲಕ್ಕೋರಿ!" ಎಂದು ಗದರಿಸುವಳು. ತುಸು ಹೊತ್ತಾದ ಮೇಲೆ ಮತ್ತೆ ನೋಡುವೆ. ಕಡೆಗೆ ಪಂಚಮಿಯ ದಿನ ಆಕೆ ನನ್ನ ಹಾಸಿಗೆ ಸುತ್ತಿ ಪಡಸಾಲೆಗೆ ಎಸೆದಳು. ಅಂದು ರಾತ್ರಿ ಮನೆಮಂದಿಯೆಲ್ಲ ಬೆಳತನಕ ನಿದ್ದೆ ಮಾಡಿದೆವು. ಬಿಸಿಲೇರಿದ ಮೇಲೆ ಕಣ್ಣು ಬಿಟ್ಟರೆ, ಇಷ್ಟು ಹೊತ್ತು ನಾನು ಮಲಗಿದ್ದನ್ನು ಕಂಡು ಗಾಬರಿಯಾದ ಅವ್ವ, ನನ್ನ ಮೂಗಿನ ಕೆಳಗೆ ಬೆರಳಿಟ್ಟು ಕೂತಿದ್ದಳು.