ಎಂಟು ಕಾಲಿನ ನವಿಲು

ಎಲ್ಲಕ್ಕೂ ಕಾರಣ ಹೆಬ್ಬೆರಳಿನಷ್ಟಿದ್ದ ಒಂದು ಪೆನ್‌ಡ್ರೈವ್. ಅದನ್ನು ಕೊಡುವ ಮುಂಚೆ ಅರ್ಧ ನಿಮಿಷ ತಾಳಿ ನೋಡಿದ್ದರೆ ಪರಮೇಶನ ಪಾಡು ಹೀಗಾಗುತ್ತಿರಲಿಲ್ಲ. ಆದರೆ ಅರ್ಧ ನಿಮಿಷ ತಾಳಲು ಅವನು ಬನಹಟ್ಟಿಯಲ್ಲಿದ್ದರೆ ತಾನೆ? ಬೇರೊಂದು ಗ್ರಹದಲ್ಲಿದ್ದ.

ಪರಮೇಶ, ಶಂಕರೆಪ್ಪ ಸಾಹುಕಾರರ ಮಗ್ಗದ ಶೆಡ್ಡಿನಲ್ಲಿ ಸೀರೆಯ ಡಿಸೈನ್ ಮಾಡುವವನು. ಸೆರಗಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಬರೆದು ಪೆನ್‌ಡ್ರೈವಿಗೆ ಹಾಕಿಕೊಡುವುದು ಅವನ ಕೆಲಸ. ಅದನ್ನು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಚುಚ್ಚಿದರೆ ಯಂತ್ರ ಓದಿಕೊಂಡು ಎಳೆ ಎತ್ತುತ್ತದೆ. ಎಂಟು ವರ್ಷದಿಂದ ನವಿಲು, ಮಾವಿನಕಾಯಿ, ಕಮಲ, ಮತ್ತೆ ನವಿಲು. ಬಂದವರೆಲ್ಲ ನವಿಲನ್ನೇ ಕೇಳುತ್ತಾರೆ. ಇನ್ನೊಂದು ನವಿಲು ಬರೆದರೆ ತನಗೇ ಗರಿ ಮೂಡುತ್ತದೆ ಎನ್ನುವಷ್ಟು ಅವನು ರೋಸಿಹೋಗಿದ್ದ.

ಆ ಬೇಸರಕ್ಕೆ ಔಷಧಿಯೆಂದರೆ ಅದೇ ಕಂಪ್ಯೂಟರಿನಲ್ಲಿ ಅಡಗಿಸಿಟ್ಟ ಒಂದು ಆಟ. ಇಪ್ಪತ್ತು ವರ್ಷದಷ್ಟು ಹಳೆಯದು. ಶೆಡ್ಡಿನ ಮುದಿ ಕಂಪ್ಯೂಟರಿಗೆ ಅದಕ್ಕಿಂತ ಹೊಸದನ್ನು ಎಳೆಯುವ ತಾಕತ್ತೂ ಇರಲಿಲ್ಲ. ದೂರದ ಗ್ರಹವೊಂದರಲ್ಲಿ ಸಿಕ್ಕಿಬಿದ್ದ ಕ್ಯಾಪ್ಟನ್ ಒಬ್ಬ ಹೊಡೆದಾಡಿ, ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಗಳಿಸಿ, ಕಡೆಗೆ ತನ್ನ ಆಕಾಶನೌಕೆ ಹತ್ತಿ ಮನೆಗೆ ಮರಳಬೇಕು. ಕ್ಯಾಪ್ಟನ್‌ಗೆ ಯಾವ ಹೆಸರನ್ನಾದರೂ ಇಡಬಹುದಿತ್ತು. ಪರಮೇಶ ತನ್ನದನ್ನೇ ಇಟ್ಟಿದ್ದ. ಹನ್ನೊಂದು ತಿಂಗಳಿಂದ ಕ್ಯಾಪ್ಟನ್ ಪರಮೇಶ ಕೊನೆಯ ಬಾಗಿಲ ಮುಂದೆ ಸಾಯುತ್ತಲೇ ಇದ್ದ. ಆ ಬಾಗಿಲು ಕಾಯುತ್ತಿದ್ದದ್ದು ಕಬ್ಬಿಣದ ಒಂದು ಪ್ರಾಣಿ: ಎಂಟು ಕಾಲು, ಒಂದೇ ಕಣ್ಣು, ಬೆನ್ನ ತುಂಬ ಮೀನಿನಂಥ ಹುರುಪೆ. ಅದನ್ನು ಕೊಂದರೆ ಆಟ ಮುಗಿಯಿತು. ಪರಮೇಶನಿಗೆ ಬದುಕಿನಲ್ಲಿ ಬೇರೆ ಆಸೆಗಳಿರಲಿಲ್ಲ ಎಂದಲ್ಲ, ಆದರೆ ಸದ್ಯಕ್ಕೆ ಇದೊಂದೇ ಇತ್ತು.

ಒಮ್ಮೆ ಸಿಟ್ಟಿನಲ್ಲಿ ಆ ಪ್ರಾಣಿಯ ಚಿತ್ರ ತೆಗೆದು, ಕೈ ಸುಮ್ಮನಿರದೆ ಅದನ್ನು ಸೆರಗಿನ ಅಳತೆಯಲ್ಲೇ ಚೌಕ ತುಂಬಿ ಬರೆದಿಟ್ಟಿದ್ದ. ಹಗೆಯವನನ್ನು ಹತ್ತಿರದಿಂದ ನೋಡಿದ ಹಾಗಾಯಿತೆಂದು. ಇಟ್ಟಿದ್ದು ಕಂಪ್ಯೂಟರಿನಲ್ಲಿ ನವಿಲಿನ ಚಿತ್ರದ ಪಕ್ಕದಲ್ಲೇ. ಬುದ್ಧಿ ಬೇಡವೇ ಮನುಷ್ಯನಿಗೆ!

ಅವತ್ತು ಬೆಳಿಗ್ಗೆ ಸಾಹುಕಾರರು ಜಮಖಂಡಿಯ ಬೀಗರ ಮನೆಯ ವಾಸ್ತುಶಾಂತಿಗೆಂದು ಹೊರಟಿದ್ದರು. ಗಾಡಿಯ ಸದ್ದು ಓಣಿ ದಾಟಿದ್ದೇ ಪರಮೇಶ ಆಟ ತೆರೆದ. ಐದು ನಿಮಿಷವಾಗಿಲ್ಲ, ಸಾಹುಕಾರರು ಬಾಗಿಲಲ್ಲಿ ನಿಂತಿದ್ದಾರೆ! ಮಹಾಲಿಂಗಪುರದ ಪದ್ಮವ್ವ ಮಗಳ ಮದುವೆಗೆ ಇಪ್ಪತ್ತೊಂದು ಸೀರೆ ಹೇಳಿದ್ದಾರೆ, ಮೊದಲ ಸೆರಗು ನೋಡಲು ಮೂರು ಗಂಟೆಗೆ ಬರುತ್ತಾರೆ, ನವಿಲು ಎಲ್ಲಿ ಎಂದು ಕೇಳಿದರು. ಪರಮೇಶ ಗಡಬಡಿಸಿ ಆಟವನ್ನು ಮರೆಮಾಡಿ, ಕೈಗೆ ಸಿಕ್ಕಿದ ಚಿತ್ರವನ್ನು ಪೆನ್‌ಡ್ರೈವಿಗೆ ತುಂಬಿ ಕೊಟ್ಟ.

"ಪದ್ಮವ್ವನ ಮುಂದ ನನ್ನ ಮಾನ ಹೋತಂದ್ರ, ನಾಳಿಂದ ನೀ ಮನ್ಯಾಗ ಇರಾಂವ ನೋಡು," ಎಂದು ಎಚ್ಚರಿಸಿ, ಪೆನ್‌ಡ್ರೈವನ್ನು ಮಗ್ಗದ ಕಾಶಪ್ಪನ ಕೈಗೆ ಹಾಕಿ ಸಾಹುಕಾರರು ಮತ್ತೆ ಗಾಡಿ ಹತ್ತಿದರು.

ಮುಂದಿನ ಎರಡು ತಾಸು ಪರಮೇಶ ಈ ಲೋಕದಲ್ಲಿರಲಿಲ್ಲ. ಆರು ಸಲ ಸತ್ತ. ಏಳನೆಯ ಸಲ ಏನಾಯಿತೋ, ಏಟಿನ ಮೇಲೆ ಏಟು ಬಿದ್ದು ಪ್ರಾಣಿಯ ಜೀವ ಮೊದಲ ಬಾರಿಗೆ ಕಾಲುಭಾಗಕ್ಕೆ ಇಳಿಯಿತು. ಆಗಲೇ ಬೆನ್ನ ಹಿಂದೆ ಕಾಶಪ್ಪನ ದನಿ ಕೇಳಿಸಿತು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ನಿಧಾನವಾಗಿಯೇ ಹೇಳುತ್ತಾನೆ.

"ಪರಮೇಶಾ, ನವಿಲಿಗೆ ಕಾಲ ಎಷ್ಟಪಾ?"

"ಎರಡು," ಎಂದ ಪರಮೇಶ, ತಿರುಗದೆ.

"ನಾ ಎಂಟ ಎಣಿಸೇನಿ."

ಪರಮೇಶನ ಬೆರಳು ಅಲ್ಲೇ ನಿಂತವು. ಆ ಹಾಳು ಆಟದಲ್ಲಿ ಹೊಡೆದಾಟದ ನಡುವೆ ಉಳಿಸಿಡಲು ಬರುವುದಿಲ್ಲ, ತಡೆದು ನಿಲ್ಲಿಸಬಹುದು ಅಷ್ಟೆ. ನಿಲ್ಲಿಸಿ ಓಡಿದ.

ಮಗ್ಗದ ಮೇಲೆ ಸೀರೆಯ ಹಿಂಬದಿ ಮೇಲಾಗಿರುತ್ತದೆ. ಮುಖ ನೋಡಬೇಕೆಂದರೆ ಕೆಳಗೆ ಕನ್ನಡಿ ಹಿಡಿಯಬೇಕು. ಕಾಶಪ್ಪ ಕನ್ನಡಿ ಹಿಡಿಯುವ ಹೊತ್ತಿಗೆ ಮುಕ್ಕಾಲು ಸೆರಗು ಮುಗಿದಿತ್ತು. ಕನ್ನಡಿಯೊಳಗಿನಿಂದ ಒಂದೇ ಒಂದು ಕಣ್ಣು ಪರಮೇಶನನ್ನು ನೋಡಿತು. ಕೆಂಪು ರೇಷ್ಮೆಯ ಮೇಲೆ ಜರಿಯ ಎಂಟು ಕಾಲು ಚಾಚಿ, ಹುರುಪೆ ಮಿಂಚಿಸುತ್ತ ಮದುವಣಗಿತ್ತಿಯ ಸೆರಗಿನಲ್ಲಿ ಅವನ ಹಗೆ ಕೂತಿತ್ತು. ಮಗ್ಗ ನಿಲ್ಲಿಸೆಂದು ಪರಮೇಶ ಗೋಗರೆದ. ಸಾಹುಕಾರರು ತಮ್ಮ ಕೈಯಾರೆ ಕೊಟ್ಟಿದ್ದು, ನಿಲ್ಲಿಸೆನ್ನಲು ಅವರೇ ಬರಲಿ ಎಂದ ಕಾಶಪ್ಪ.

ಅಷ್ಟರಲ್ಲಿ ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಇಂದ್ರವ್ವ ಸೊಂಟ ಹಿಡಿದು ಬಂದು ಕನ್ನಡಿಗೆ ಇಣುಕಿದಳು. ಒಂದು ಕ್ಷಣ ನೋಡಿ, ಯಾವುದಕ್ಕೂ ಇರಲಿ ಎಂದು ಕೈ ಮುಗಿದಳು. ಆಮೇಲೆ ಇದು ಏಡಿ ಎಂದಳು. ಕಾಶಪ್ಪ ಆಮೆ ಎಂದ. ಏಡಿಗೆ ಎಷ್ಟು ಕಾಲು, ಆಮೆಗೆ ಹುರುಪೆ ಇರುತ್ತದೋ ಇಲ್ಲವೋ ಎಂದು ಇಬ್ಬರಿಗೂ ಜಗಳ ಹತ್ತಿಕೊಂಡಿತು. ತಲೆ ಹೋಗುವ ಹೊತ್ತಿನಲ್ಲಿ ಇವರಿಗೆ ಆಮೆಯ ಚಿಂತೆ! ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿದ ಮೇಲೆ, ಇದನ್ನು ಕತ್ತರಿಸಿ ತೆಗೆದು ನವಿಲು ಶುರುಮಾಡಲು ಕಾಶಪ್ಪ ಒಪ್ಪಿದ. ಪರಮೇಶ ನವಿಲು ತರಲು ತಿರುಗಿದ. ಕರೆಂಟು ಹೋಯಿತು.

ಬನಹಟ್ಟಿಯಲ್ಲಿ ಕರೆಂಟು ಹೋದರೆ ಕತ್ತಲಾಗುವುದಕ್ಕಿಂತ ಮೊದಲು ಮಗ್ಗಗಳ ಸದ್ದಡಗುತ್ತದೆ. ಆ ಮೌನದಲ್ಲಿ ಒಳಕೋಣೆಯ ಕಂಪ್ಯೂಟರಿನ ಬ್ಯಾಟರಿ ಕೀಚ್ ಕೀಚ್ ಎನ್ನುವುದು ಪರಮೇಶನಿಗೆ ಕೇಳಿಸಿತು. ಅದು ಹತ್ತು ನಿಮಿಷ ತಡೆಯಬೇಕಾದ ಬ್ಯಾಟರಿ, ತಡೆಯುವುದು ಎರಡು. ಬಿದ್ದು ಎದ್ದು ಓಡಿ ಅವನು ಕುರ್ಚಿ ಮುಟ್ಟುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಕಾಲುಭಾಗ ಜೀವ ಉಳಿಸಿಕೊಂಡ ಪ್ರಾಣಿ ಅವನ ಕಣ್ಣೆದುರೇ ಮಾಯವಾಯಿತು. ಹನ್ನೊಂದು ತಿಂಗಳಲ್ಲಿ ಒಮ್ಮೆ ಬಂದ ಅದೃಷ್ಟ, ಅದೂ ಹೋಯಿತು. ಅವನಿಗೆ ಅಳು ಬಂದಿತು.

ಕರೆಂಟು ಬಂದದ್ದು ಮೂರಕ್ಕೆ ಹತ್ತು ನಿಮಿಷವಿದ್ದಾಗ. ಅಷ್ಟರಲ್ಲಿ ಇದನ್ನು ಕತ್ತರಿಸಿ ನವಿಲು ನೇಯುವ ಮಾತೇ ಇರಲಿಲ್ಲ. ಮೂರಕ್ಕೆ ಸರಿಯಾಗಿ ಸಾಹುಕಾರರೂ ಪದ್ಮವ್ವನೂ ಒಟ್ಟಿಗೇ ಬಂದರು. ಪದ್ಮವ್ವ ಉಟ್ಟಿದ್ದು ನವಿಲಿನ ಸೀರೆ. ಕಾಶಪ್ಪ ಕನ್ನಡಿ ಹಿಡಿದ. ಸಾಹುಕಾರರು ನೋಡಿದರು, ಅವರ ಮುಖ ಸೆರಗಿನ ಬಣ್ಣಕ್ಕೆ ತಿರುಗಿತು. ಪದ್ಮವ್ವ ಬಾಗಿ ಬಹಳ ಹೊತ್ತು ನೋಡಿದಳು. ಪರಮೇಶ ಮನಸ್ಸಿನಲ್ಲೇ ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮನೆ ದಾರಿ ಹಿಡಿದಿದ್ದ.

"ತೇರದಾಳದ ಮದುವ್ಯಾಗ ನನ್ನ ನವಿಲ ಇನ್ನ ನಾಕ ಮಂದಿ ಮೈಮ್ಯಾಲ ಇತ್ರಿ," ಎಂದಳು ಪದ್ಮವ್ವ ಕಡೆಗೆ. "ಊಟಕ್ಕ ನೀಡಾಕಿ ಮೈಮ್ಯಾಲೂ ಅದ ನವಿಲ. ನನಗ ಎಷ್ಟ ನಾಚಿಕಿ ಆಗಿರಬೇಕು? ಇದು ಯಾರ ಕಡೆನೂ ಇರೂದಿಲ್ಲ. ಇದನ್ನ ಮಾಡ್ರಿ."

ಇಪ್ಪತ್ತೊಂದೂ ಇದೇ ಇರಲಿ, ಆದರೆ ಒಂದರಂತೆ ಇನ್ನೊಂದು ಇರಬಾರದು, ಒಂದರಲ್ಲಿ ನಿಂತಿರಲಿ, ಒಂದರಲ್ಲಿ ಓಡುತ್ತಿರಲಿ ಎಂದು ಹೇಳಿ, ಚಹಾ ಕುಡಿದು ಹೋದಳು. ಏಡಿಯೋ ಆಮೆಯೋ ಎಂದು ಅವಳು ಕೇಳಲೂ ಇಲ್ಲ.

ಇದನ್ನು ಎಲ್ಲಿಂದ ತಂದೆ ಎಂದು ಸಾಹುಕಾರರು ಕೇಳಿದರು. ಹೋದ ಜೀವ ಬಂದ ಖುಷಿಯಲ್ಲಿದ್ದ ಪರಮೇಶ ನಿಜವನ್ನೇ ಹೇಳಿಬಿಟ್ಟ. ಸಾಹುಕಾರರು ಬೈಯಲಿಲ್ಲ. ಅವನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು, ತೋರಿಸೆಂದರು. ಕಾಶಪ್ಪನೂ ಇಂದ್ರವ್ವನೂ ಕುರ್ಚಿಯ ಹಿಂದೆ ನಿಂತರು. ಕದ್ದು ಆಡಿದ ಆಟವನ್ನು ಮಾಲೀಕರ ಎದುರಿಗೆ ರಾಜಾರೋಷವಾಗಿ ಆಡುವ ದಿನ ಬಂತಲ್ಲ ಎಂದು ಪರಮೇಶ ಎದೆಯುಬ್ಬಿಸಿ ಶುರುಮಾಡಿದ. ಕೂಡಲೇ ಸತ್ತ. ಮತ್ತೆ ಸತ್ತ.

"ಮೂರ ಸಲಕ್ಕೊಮ್ಮೆ ಎಡಗಾಲ ಎತ್ತತೈತಿ ನೋಡು," ಎಂದ ಕಾಶಪ್ಪ ಹಿಂದಿನಿಂದ. "ಲಾಳಿ ಹೋಗಿ ಬಂದಂಗ ಲೆಕ್ಕ ಐತಿ ಅದಕ್ಕ. ಎತ್ತಿದಾಗ ಹೊಡಿ."

ಹನ್ನೊಂದು ತಿಂಗಳು ಪರಮೇಶನ ಕಣ್ಣಿಗೆ ಬೀಳದ್ದು ಕಾಶಪ್ಪನಿಗೆ ಹತ್ತು ನಿಮಿಷದಲ್ಲಿ ಕಂಡಿತ್ತು. ಪರಮೇಶ ಎಣಿಸಿ ಹೊಡೆದ. ಪ್ರಾಣಿಯ ಜೀವ ಅರ್ಧಕ್ಕಿಳಿಯಿತು, ಕಾಲುಭಾಗಕ್ಕಿಳಿಯಿತು, ನೂಲಿನೆಳೆಯಷ್ಟು ಉಳಿಯಿತು. ಅದರ ಹಿಂದೆ ಬಾಗಿಲು ಸ್ವಲ್ಪವೇ ತೆರೆದು ನೌಕೆಯ ಬೆಳಕು ಕಾಣಿಸಿತು. ಇನ್ನೊಂದೇ ಏಟು. ಅವನು ಬೆರಳೆತ್ತಿದ. ಸಾಹುಕಾರರು ಗಪ್ಪನೆ ಅವನ ಮಣಿಕಟ್ಟು ಹಿಡಿದರು.

"ಕೊಲ್ಲಬ್ಯಾಡ."

"ಒಂದ ಏಟ್ರಿ ಸಾಹುಕಾರ್ರ. ಹನ್ನೊಂದ ತಿಂಗಳಾತ್ರಿ."

"ಇನ್ನ ಇಪ್ಪತ್ತ ಸೀರಿ ಅದಾವು. ಇದು ಸತ್ರ ಸೆರಗಿಗೆ ಏನ ನಿನ್ನ ಫೋಟೋ ಹಾಕಲಿ?"

ನಾಳೆಯಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಇದೇ ಕೆಲಸ, ಆಡುತ್ತಾಡುತ್ತಲೇ ಒಂದೊಂದು ಸೀರೆಗೆ ಅದರ ಒಂದೊಂದು ಭಂಗಿ ಹಿಡಿಯಬೇಕು, ತಾವೂ ಇಲ್ಲೇ ಕೂತು ನೋಡಿಕೊಳ್ಳುತ್ತೇವೆ ಎಂದರು ಸಾಹುಕಾರರು. ಪದ್ಮವ್ವನದು ಮುಗಿದ ಮೇಲೆ ಮುಧೋಳದ ಅವಳ ಬೀಗರೂ ಕೇಳದೆ ಬಿಡುವುದಿಲ್ಲವಂತೆ. ಬೆಳಿಗ್ಗೆ ಪರಮೇಶನನ್ನು ಮನೆಗೆ ಕಳಿಸುತ್ತೇನೆಂದಿದ್ದವರು ಈಗ ಕ್ಯಾಪ್ಟನ್‌ನನ್ನೂ ಮನೆಗೆ ಬಿಡಲೊಲ್ಲರು. ಹೀಗೆ ಕೈ ಹಿಡಿದು ಮಾತಾಡುತ್ತಿರುವಾಗಲೇ ಪ್ರಾಣಿ ಲೆಕ್ಕ ತಪ್ಪದೆ ಎಡಗಾಲೆತ್ತಿ ಕ್ಯಾಪ್ಟನ್ ಪರಮೇಶನ ಮೇಲೆ ಇಟ್ಟಿತು. ಪರದೆ ಕೆಂಪಾಯಿತು.

"ಸತ್ನೆಲ್ರಿ," ಎಂದ ಪರಮೇಶ.

"ನೀ ಸತ್ರ ಅಡ್ಡಿಯಿಲ್ಲಪಾ, ಮತ್ತ ಹುಟ್ಟತೀ. ಅದು ಸಾಯಬಾರದು ನೋಡು." ಸಾಹುಕಾರರು ಕೈ ಬಿಟ್ಟು, ಕುರ್ಚಿಗೊರಗಿ ಕಾಲು ಚಾಚಿದರು. "ಹೂಂ, ಹುಟ್ಟು. ಈ ಸಲ ಅದರ ಬೆನ್ನ ಕಾಣೂವಂಗ ಸಾಯಿ."