ಹುಳ ಬರದ ಮನೆ

ಫುಸ್, ಫುಸ್, ಫುಸ್. ಶೆಡ್ಡಿನಿಂದ ಪಂಪಿನ ಸದ್ದು. ಮಕ್ಕಳು ಹುಟ್ಟಿದಾಗಿನಿಂದ ಗೋಡೆಗೊರಗಿದ್ದ ತನ್ನ ಸೈಕಲ್ಲಿಗೆ ನನ್ನ ಹೆಂಡತಿ ಬ್ರಾನ್ವಿನ್ ಗಾಳಿ ತುಂಬುತ್ತಿದ್ದಳು. ಕೇಳುತ್ತ ನಿಂತ ನನ್ನ ಎದೆಯೂ ಉಬ್ಬಿತು.

ಮದುವೆಯ ಹೊಸದರಲ್ಲಿ ನಮ್ಮೂರು ಬಂಡಬರ್ಗ್‌ನಿಂದ ಸೈಕಲ್ ತುಳಿಯುತ್ತ ಕಡಲಂಚಿನ ದಾರಿ ಹಿಡಿದು, ಕತ್ತಲಾದಲ್ಲೇ ಮಲಗಿ ಏಳುತ್ತಿದ್ದವರು ನಾವು. ಒಂದು ಬೇಸಿಗೆಯಲ್ಲಿ ಮರಳುನೊಣಗಳು ಕಚ್ಚಿ ಅವಳ ಮುಖ ಬನ್ನಿನಂತೆ ಊದಿತು. ಅಂದಿನಿಂದ ಲೆಸ್ ಎಂಬ ಈ ಗಂಡನಿಗೆ ಅವಳದು ಒಂದೇ ಷರತ್ತು: "ಹುಳ ಬರದ ಮನೆ ತಾ ಲೆಸ್, ಬರ್ತೀನಿ."

ಮಕ್ಕಳು ಬೆಳೆದ ಮೇಲೆ, ಕ್ವೀನ್ಸ್‌ಲ್ಯಾಂಡಿನಲ್ಲೇ ಅತಿ ಹಗುರವಾದ ಅರಮನೆಯನ್ನು ಹ್ಯಾಂಡಲ್ಲಿಗೆ ಕಟ್ಟಿಯೇ ತೀರುತ್ತೇನೆಂದು ಘೋಷಿಸಿದೆ!

ದೂರ ಸೈಕಲ್ ತುಳಿಯುವವರ ಕಾಯಿಲೆಯ ಹೆಸರು ಗ್ರಾಂ. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿ, ತೂಗಿ, ಹಿಗ್ಗುವ ಜನ ನಾವು. ಅಡುಗೆಮನೆಯ ತಕ್ಕಡಿ ಗರಾಜಿಗೆ ಹೋಯಿತು. ಮನೆಯಲ್ಲಿ ಕೇಕ್ ಮಾಡುವುದು ನಿಂತಿತು. ಗುಡಾರ ತಂದೆ, ಭಾರ. ಮರಕ್ಕೆ ಕಟ್ಟಿ ಮಲಗುವ ತೂಗುಬಲೆ ತಂದೆ; ಮರವಿಲ್ಲದ ಮರಳುದಂಡೆಯಲ್ಲಿ ಅದನ್ನು ನನ್ನ ಕೊರಳಿಗೇ ಕಟ್ಟಬೇಕಿತ್ತು. ಸೊಳ್ಳೆಪರದೆ ತಂದೆ; ಅದರ ತೂತುಗಳಲ್ಲಿ ಮರಳುನೊಣಗಳು ಸಂಸಾರ ಸಮೇತ ಓಡಾಡಿದವು. ಕೊನೆಗೆ ಸಿಕ್ಕಿತು ಸರಿಯಾದ ಗುಡಾರ: ಹೊಗೆಯಂಥ ಜಾಲರಿ, ತೆಳು ನೆಲಹಾಸು, ಮಡಚಿದರೆ ಒಂದು ಮಾವಿನಹಣ್ಣಿನಷ್ಟು. ತಕ್ಕಡಿಯ ಮುಳ್ಳು ಅಲುಗಿದ್ದು ನನ್ನ ಉಸಿರಿಗೇ ಇರಬೇಕು.

ಸಂಜೆ ಹಿತ್ತಲ ಹುಲ್ಲಿನ ಮೇಲೆ ಕಟ್ಟಿ, ತೆವಳಿ ಒಳಹೊಕ್ಕು, ಜಿಪ್ ಎಳೆದೆ. ಮರಳುನೊಣಗಳ ಸೈನ್ಯ ಹೊರಗೇ ಮೂಗು ಜಜ್ಜಿಕೊಂಡಿತು. ಜಾಲರಿಯಾಚೆ ಮೊದಲ ನಕ್ಷತ್ರ. ಎಷ್ಟೋ ವರ್ಷಗಳಿಂದ ಕಾದಿಟ್ಟಿದ್ದ ಮಾತನ್ನು ಕೂಗಿದೆ: "ಬ್ರಾನ್, ಬಾ."

ಬಂದಳು. ಕಂಕುಳಲ್ಲಿ ದಿಂಬು, ಮುಖದಲ್ಲಿ ಆ ಹಳೆಯ ದಾರಿಯ ನಗು. ಬಗ್ಗಿ ನನ್ನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡೂ ಕಡೆ ಜಾಲರಿ ನನ್ನ ಭುಜಕ್ಕೇ ಅಂಟಿತ್ತು.

"ಚೆನ್ನಾಗಿದೆ ಲೆಸ್. ನಾನೆಲ್ಲಿ ಮಲಗೋದು?"

ಗ್ರಾಂ ಗ್ರಾಂ ಕಳೆಯುತ್ತ ಕಳೆಯುತ್ತ ನಾನು ಹೆಂಡತಿಯನ್ನೇ ಕಳೆದುಬಿಟ್ಟಿದ್ದೆ!

ಇಬ್ಬರಿಗಾಗುವಂಥದ್ದೂ ಸಿಗುತ್ತದೆಂದು ಗಡಿಬಿಡಿಯಲ್ಲಿ ಒದರಿದೆ.

"ಮತ್ತೆ ಅದನ್ನೇ ಯಾಕೆ ತರ್ಲಿಲ್ಲ?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲಗೆಗೂ ತಕ್ಕಡಿಯ ಚಟ ಹತ್ತಿತ್ತು. "ಭಾರ ಕಣೇ. ಜಾಸ್ತಿಯೇನಿಲ್ಲ, ಇನ್ನೊಂದೆರಡು ಮಾವಿನಹಣ್ಣಿನಷ್ಟು. ಆ ಹೆಚ್ಚಿನದನ್ನ ನಿನ್ನ ಸೈಕಲ್ಲಿಗೇ..."

ದಿಂಬು ಆಗಲೇ ಮನೆಯ ಕಡೆ ತಿರುಗಿತ್ತು. ಹಿಂದೆ ಓಡೋಣವೆಂದು ಜಿಪ್ ಎಳೆದರೆ ಅದು ನನ್ನ ಅಂಗಿ ಕಚ್ಚಿಕೊಂಡು ನಿಂತಿತು. ಹುಳ ಬರಲಾಗದ ಮನೆಯಿಂದ ಗಂಡನಿಗೂ ಹೊರಡಲಾಗಲಿಲ್ಲ. ನಾಳೆಯೇ ಬದಲಿಸ್ತೀನಿ ಬ್ರಾನ್, ಎಷ್ಟು ಭಾರವಿದ್ರೂ ನಾನೇ ಹೊರ್ತೀನಿ ಎಂದು ಜಾಲರಿಯೊಳಗಿಂದ ಹೇಳುತ್ತಲೇ ಇದ್ದೆ. ಅವಳು ಹುಲ್ಲು ದಾಟಿ ನಡೆಯುತ್ತಲೇ ಇದ್ದಳು.