ನಾನು ತೋರಿಸಿದ ಮೂರನೆಯ ಮನೆ

ಗೈಡಿನ ಅಗತ್ಯವಿಲ್ಲ, ನಾನಿದ್ದೇನೆ ಎಂದು ಘೋಷಿಸಿಬಿಟ್ಟೆ! ನೆವಾಡದ ಆ ಮರುಭೂಮಿ ಊರಿನ ಬಗ್ಗೆ ಎರಡು ವಾರ ಓದಿದ್ದೆ. ಮೊದಲು ಬಂದು ನೆಲೆಸಿದವರ ಹಳೆಯ ಮನೆಗಳು, ಬ್ಯಾಂಕು, ರೈಲು ನಿಲ್ದಾಣ, ಎಲ್ಲದರ ಇಸವಿಯೂ ನಾಲಿಗೆಯ ತುದಿಯಲ್ಲಿತ್ತು. ಶ್ರೋತೃಗಳು ಇಬ್ಬರು: ಹೆಂಡತಿ ಶಿವಾನಿ ಮತ್ತು ಅವಳ ತಾಯಿ ಬಂಗಾರೆವ್ವ. ಬಾಗಲಕೋಟೆಯಿಂದ ಬಂದು ಮೂರು ತಿಂಗಳಾದರೂ ಅತ್ತೆ ನೆವಾಡದ ಪಕ್ಕದ ರಾಜ್ಯದಲ್ಲಿರುವ ನಮ್ಮೂರು ಡಬ್ಲಿನ್ನಿನಲ್ಲಿ ಫ್ರೀವೇ, ಗ್ರೋಸರಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಭಾನುವಾರ ಅವರು ಊರಿಗೆ ಹೊರಡುವವರಿದ್ದರು. ಅಷ್ಟರೊಳಗೆ ಅವರನ್ನು ಒಮ್ಮೆಯಾದರೂ ಮೆಚ್ಚಿಸಬೇಕಿತ್ತು.

ಡೌನ್‌ಟೌನಿನಲ್ಲಿ ಬ್ಯಾಂಕಿನ ಇಟ್ಟಿಗೆಗೊಂದು, ಹೋಟೆಲಿನ ಮರದ ಕಂಬಕ್ಕೊಂದು ಭಾಷಣ ಬಿಗಿದೆ. ಅತ್ತೆ ಬೆವರೊರೆಸಿಕೊಂಡು "ಹೂಂ" ಎಂದರು. ಹಳೆಯ ಮನೆಗಳ ಬೀದಿಯಲ್ಲಿ ಮೊದಲ ಎರಡಕ್ಕೆ ಬೀಗ. ಮೂರನೆಯದರ ಬಾಗಿಲು ತೆರೆದಿತ್ತು. ವಿಜಯಶಾಲಿಯಂತೆ ಒಳನುಗ್ಗಿದೆ.

"ಯಾರರ ಅದಾರೇನ ಕೇಳ್ರಿ," ಎಂದರು ಅತ್ತೆ.

"ಇದು ಮ್ಯೂಸಿಯಮ್ಮು ಅತ್ತೆ, ಯಾರೂ ಇರಲ್ಲ. ಈ ಒಲೆ ನೋಡಿ, ನೂರು ವರ್ಷ ಹಳೇದು."

"ಬಿಸಿ ಅದಲ್ರಿ. ಅವರಿಕಾಳಿನಂಥಾದ್ದು ಕುದ್ಯಾಕತ್ತೈತಿ."

"ನಿಜ ಅನ್ನಿಸ್ಲಿ ಅಂತ ವಾಸನೆ ಸಮೇತ ಅರೇಂಜ್ ಮಾಡಿದ್ದಾರೆ."

ಅಷ್ಟರಲ್ಲಿ ಒಳಕೋಣೆಯಿಂದ ಬಿಳಿಗೂದಲ ಅಜ್ಜಿಯೊಬ್ಬಳು ಬಂದಳು. ಹೂವಿನ ಚಿತ್ರದ ಉದ್ದನೆಯ ನಿಲುವಂಗಿ. ಬಾಗಿಲಿಗೆ ಒರಗಿ ನಮ್ಮನ್ನೇ ನೋಡಿದಳು.

"ನಿಮ್ಮ ವೇಷ ಅದ್ಭುತವಾಗಿದೆ. ಹಳೇ ಕಾಲದ್ದೇ ಬಟ್ಟೆ," ಎಂದು ಇಂಗ್ಲಿಷಿನಲ್ಲಿ ಮೆಚ್ಚಿದೆ.

"ಇದು ನನ್ನ ನೈಟಿ," ಎಂದಳು ಅಜ್ಜಿ. "ಮ್ಯೂಸಿಯಂ ಎದುರುಗಡೆ ಇದೆ."

ಭೂಮಿ ಬಾಯ್ಬಿಡಲಿಲ್ಲ. ಶಿವಾನಿ ನನ್ನ ಪರವಾಗಿ ಐದಾರು ಸಲ ಕ್ಷಮೆ ಕೇಳಿದಳು. ಹೊರಡೋಣವೆಂದು ತಿರುಗಿದರೆ ಅತ್ತೆ ಇಲ್ಲ! ಮೂಲೆಯ ಹಳೆಯ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಗಾಲಿಯಿಂದ ಜಾರಿದ್ದ ಚರ್ಮದ ಪಟ್ಟಿಯನ್ನು ಎಳೆದು ಕೂರಿಸಿ, ಕಾಲಿಂದ ಮೆಲ್ಲಗೆ ಮೆಟ್ಟಿದರು. ಟಕಟಕ ಸದ್ದು ಮನೆಯನ್ನೆಲ್ಲ ತುಂಬಿತು.

ಅಜ್ಜಿ ಕುರ್ಚಿ ಹಿಡಿದು ಕೂತಳು. "ನನ್ನ ಅಮ್ಮನದು. ಅವಳು ಹೋದ ಮೇಲೆ ಇದರ ಸದ್ದು ಕೇಳಿರಲಿಲ್ಲ."

ಶಿವಾನಿ ಅದನ್ನು ಕನ್ನಡಕ್ಕೆ ತರಲು ಹೋಗಿ ಅರ್ಧಕ್ಕೇ ನಿಲ್ಲಿಸಿ, ನನ್ನತ್ತ ತಿರುಗಿ ತಮ್ಮ ಮನೆಯ ಹೊಲಿಗೆ ಯಂತ್ರದ ಕತೆ ಹೇಳಿದಳು. ಓಣಿಯವರ ರವಿಕೆ ಹೊಲಿದೇ ಅತ್ತೆ ಅವಳನ್ನು ಓದಿಸಿದ್ದರು. ಪರೀಕ್ಷೆಯ ದಿನಗಳಲ್ಲಿ ಅವಳು ಅದೇ ಸದ್ದಿನ ಪಕ್ಕದಲ್ಲಿ ಓದುತ್ತ ಕೂರುತ್ತಿದ್ದಳಂತೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಇದು ನನಗೆ ಗೊತ್ತಿರಲಿಲ್ಲ. ಮರುಭೂಮಿಯ ಇಸವಿಗಳೆಲ್ಲ ಬಾಯಿಪಾಠವಾಗಿದ್ದವು, ಇದೊಂದನ್ನು ಕೇಳಿಯೇ ಇರಲಿಲ್ಲ.

"ಎಣ್ಣಿ ಬಿಡ್ರಿ ಇದಕ್ಕ, ಇನ್ನೂ ಭಾಳ ದಿನ ಓಡ್ತೈತಿ," ಎಂದು ಅತ್ತೆ ಅಜ್ಜಿಗೆ ಕನ್ನಡದಲ್ಲೇ ಹೇಳಿದರು. ಅಜ್ಜಿ ತಲೆಯಾಡಿಸಿ ಎಣ್ಣೆಯ ಡಬ್ಬಿ ತಂದಳು. ಆಮೇಲೆ ಬಟ್ಟಲಲ್ಲಿ ಬೇಯಿಸಿದ ಕಾಳು ಬಂತು. ಒಂದು ಗಂಟೆ ಅವರಿಬ್ಬರೂ ತಂತಮ್ಮ ಭಾಷೆಯಲ್ಲಿ ಹರಟಿದರು. ಗೈಡನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗೆ ಎದುರಿನ ಮ್ಯೂಸಿಯಮ್ಮಿಗೆ ಹೋದೆವು. ನನಗೆ ಬುದ್ಧಿ ಬಂದಿತ್ತು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟೆ, ಮೂರು ಸಲ ಬಾಗಿಲು ತಟ್ಟಿದೆ, ಕೈಕಟ್ಟಿ ಕಾದೆ.

ಅತ್ತೆ ಕಿಟಕಿಯಿಂದ ಇಣುಕಿದರು. ಹಗ್ಗ ಕಟ್ಟಿದ ಕುರ್ಚಿ, ಗಾಜಿನ ಪೆಟ್ಟಿಗೆಯೊಳಗಿನ ತಟ್ಟೆ, ತಣ್ಣಗಿನ ಒಲೆ. ಬಾಗಿಲು ತಳ್ಳಿ ನನ್ನತ್ತ ತಿರುಗಿದರು.

"ನಡೀರಿ ಒಳಗ. ಇದು ಯಾರ ಮನೀನೂ ಅಲ್ಲ."